ಈರಣ್ಣನ ಅಟ್ಟ ಹತ್ತಿದ ಲ್ಯಾಪ್‌ಟಾಪ್

ಬಿಳಿಗೆರೆಯ ಕಲ್ಲೇಶನ ಮನೆಯಲ್ಲಿ ಒಂದು ಲ್ಯಾಪ್‌ಟಾಪ್ ಇದೆ. ಅದರ ಮೇಲೆ ಈಗ ಹಪ್ಪಳದ ಡಬ್ಬ ಕೂತಿದೆ. ಮೊಬೈಲಿನಲ್ಲಿ ಬಂದ ಜಾಹೀರಾತು ನೋಡಿ, ‘ಅರ್ಧ ಬೆಲೆ, ಇವತ್ತೇ ಕೊನೆ’ ಎಂಬ ಮಾತಿಗೆ ಮರುಳಾಗಿ ತರಿಸಿದ್ದು. ಹೊಸದು ಅಂತ ಬಂದದ್ದು ಯಾರೋ ಬಳಸಿ ಬಿಟ್ಟ ಹಳೆಯದು. ಬಿಲ್ಲೂ ಇಲ್ಲ, ಹೋಗಿ ಕೇಳೋಣವೆಂದರೆ ಅಂಗಡಿಯೂ ಇಲ್ಲ. ಆರು ತಿಂಗಳಿಗೆ ಕಣ್ಣು ಮುಚ್ಚಿತು. ಆದರೆ ಕಲ್ಲೇಶ ಬಿದ್ದರೂ ಮೀಸೆ ಮಣ್ಣಾಗದ ಆಸಾಮಿ. “ಲ್ಯಾಪ್‌ಟಾಪ್ ಅಂದ್ರೆ ಅಷ್ಟೇ ಕಣ್ರೀ, ಯಾವ್ದು ತಂದ್ರೂ ಒಂದು ವರ್ಷ” ಎಂದು ಊರಿಗೆಲ್ಲ ಬುದ್ಧಿ ಹೇಳಿಕೊಂಡು ಓಡಾಡುತ್ತಾನೆ.

ಈ ಬುದ್ಧಿವಾದ ಪಕ್ಕದ ಮನೆಯ ಈರಣ್ಣನ ಕಿವಿಗೂ ಬಿತ್ತು. ಬೀಳಬಾರದ ಹೊತ್ತಿನಲ್ಲೇ ಬಿತ್ತು. ಏಕೆಂದರೆ ಈರಣ್ಣನ ಮನೆಗೆ ಆಗ ಒಂದು ಲ್ಯಾಪ್‌ಟಾಪ್ ಬೇಕಾಗಿತ್ತು.

ಮೊಮ್ಮಗಳು ಕೃತಿಕಾ ತಿಪಟೂರಿನಲ್ಲಿ ಸಿವಿಲ್ ಡಿಪ್ಲೊಮಾ ಓದುತ್ತಿದ್ದಾಳೆ. ಮನೆಯ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆಯುವ ವಿಷಯವೊಂದಿದೆ. ಹೋದ ಸಲ ಅದರಲ್ಲೇ ಫೇಲಾದಳು. ಹುಡುಗಿ ದಡ್ಡಿಯಲ್ಲ. ಕಾಲೇಜಿನಲ್ಲಿ ಒಂದು ಕಂಪ್ಯೂಟರಿಗೆ ಮೂವರು ಕೂರಬೇಕು. ಇವಳ ಕೈ ಕುದುರುವಷ್ಟರಲ್ಲಿ ಊರಿನ ಬಸ್ಸಿನ ಹೊತ್ತಾಗಿರುತ್ತದೆ. ಶ್ರಾವಣದಲ್ಲಿ ಮತ್ತೆ ಅದೇ ಪರೀಕ್ಷೆ. ಅದಕ್ಕೆ ಮೊದಲು ಇಡೀ ಒಂದು ಮನೆಯ ನಕ್ಷೆ ಬರೆದು ಒಪ್ಪಿಸಬೇಕು. ಈ ಸಲವೂ ಹೋದರೆ ಒಂದು ವರ್ಷ ಮನೆಯಲ್ಲಿ ಕೂರಬೇಕು.

“ಕೂತ್ರೆ ನನ್ನ ಮತ್ತೆ ಕಾಲೇಜಿಗೆ ಕಳುಸ್ತಾರಾ ಅಜ್ಜಿ? ಗಂಡು ನೋಡೋಕೆ ಶುರು ಮಾಡ್ತಾರೆ” ಎಂದು ಅಜ್ಜಿ ಚಿಕ್ಕಗೌರಮ್ಮನ ಹತ್ತಿರ ಕಣ್ಣೀರು ಹಾಕಿದಳು.

ಚಿಕ್ಕಗೌರಮ್ಮ ಹೆಚ್ಚು ಮಾತಾಡುವವಳಲ್ಲ. ಸ್ತ್ರೀಶಕ್ತಿ ಸಂಘದಲ್ಲಿ ತಾನು ಕೂಡಿಟ್ಟದ್ದನ್ನು ತಂದು ಗಂಡನ ಮುಂದೆ ಇಟ್ಟಳು. “ಐವತ್ತು ಸಾವಿರದ ಒಳಗೆ ಒಂದು ಒಳ್ಳೇದು ನೋಡಿ. ಒಂದೇ ಸಲ ತರೋದು. ಕೆಟ್ಟೋದ್ರೆ ಇನ್ನೊಂದು ತರೋ ಶಕ್ತಿ ನಮಗಿಲ್ಲ. ಹಪ್ಪಳದ ಡಬ್ಬ ಇಡೋಕೆ ನಮ್ಮನೇಲಿ ಮಣೆ ಐತೆ.”

ಈರಣ್ಣ ಮೀಸೆ ತಿರುವಿದ. ಅವನ ಧೈರ್ಯಕ್ಕೆ ಕಾರಣವಿತ್ತು. ನಮ್ಮ ಕಡೆ ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ, ಹೆಚ್ಚುಕಡಿಮೆ ಒಂದು ವರ್ಷ ಮುಟ್ಟದೆ ಬಿಡುತ್ತೇವಲ್ಲ; ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಂಡು, ಅಲ್ಲಾಡಿಸಿದರೆ ಸದ್ದು ಮಾಡುತ್ತದಲ್ಲ; ಆ ಸದ್ದು ಕೇಳಿಯೇ ಈರಣ್ಣ ಒಳಗಿನದೆಲ್ಲ ಹೇಳಿಬಿಡುತ್ತಾನೆ. ಕೊಬ್ಬರಿ ಉಂಡೆ ಚೆನ್ನಾಗಿದೆಯೋ, ಕೊಳೆತಿದೆಯೋ, ಇನ್ನೂ ಹಸಿಯೋ, ಒಡೆಯುವುದೇ ಬೇಡ. ಒಳಗೆ ಏನಿದೆ ಎಂಬ ಕುತೂಹಲ ಅವನ ಹುಟ್ಟುಗುಣ. ಚಿಕ್ಕಂದಿನಲ್ಲಿ ಅಪ್ಪನ ರೇಡಿಯೋ ಬಿಚ್ಚಿ, ಮತ್ತೆ ಜೋಡಿಸಲು ಬಾರದೆ ಒದೆ ತಿಂದವನು. ಇಷ್ಟು ವರ್ಷ ಕಾಯಿ ಆರಿಸಿದವನಿಗೆ ಒಂದು ಲ್ಯಾಪ್‌ಟಾಪ್ ಆರಿಸುವುದು ಯಾವ ಲೆಕ್ಕ?

“ನಾನೇ ಬತ್ತೀನಿ. ನಾನೇ ಕೈಲಿ ಹಿಡ್ದು ನೋಡಿ ತತ್ತೀನಿ” ಎಂದ.

ಅದನ್ನು ಕೇಳಿದ್ದೇ ಕೃತಿಕಾ ಎದ್ದಳು. ಸೀದಾ ಊರಿನ ಗ್ರಂಥಾಲಯಕ್ಕೆ, ಅಂದರೆ ಅರಿವು ಕೇಂದ್ರಕ್ಕೆ ಓಡಿದಳು. ಅಲ್ಲಿನ ಪುಸ್ತಕ, ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವಳು ಸುನಂದಾ. ಈರಣ್ಣನ ಬೀದಿಯವಳೇ, ಅವನನ್ನು ದೊಡ್ಡಪ್ಪ ಎಂದು ಕರೆಯುತ್ತಾಳೆ.

“ಸುನಂದಕ್ಕ, ನೀವೂ ಬರ್ಲೇಬೇಕು. ಇಲ್ದಿದ್ರೆ ತಾತ ಅಂಗಡೀಲಿ ಏನಾದ್ರೂ ಮಾಡ್ತಾರೆ.”

ಸುನಂದಾ ನಕ್ಕಳು. ಸಂಜೆ ಮನೆಗೇ ಬಂದು ಜಗಲಿಯಲ್ಲಿ ಕೂತಳು. ಕಲ್ಲೇಶನೂ ಕಾಫಿ ವಾಸನೆ ಹಿಡಿದು ಬಂದ.

“ಅಂಗಡಿ ಆಮೇಲೆ ದೊಡ್ಡಪ್ಪ. ಕೆಲಸ ಯಾವ್ದು ಅಂತ ಮೊದ್ಲು ಗೊತ್ತಾಗ್ಬೇಕು” ಎಂದಳು ಸುನಂದಾ. “ಬರೀ ಪತ್ರ ಟೈಪ್ ಮಾಡೋರಿಗೆ ಒಂದು ಥರದ್ದು ಸಾಕು. ನಮ್ಮ ಕೃತಿಕಾ ನಕ್ಷೆ ಬರೀಬೇಕು. ಆ ಸಾಫ್ಟ್‌ವೇರ್ ಭಾರದ್ದು. ರ್‍ಯಾಮ್ ಹದಿನಾರು ಜಿಬಿ ಇರ್ಲಿ. ಸಿಕ್ದೇ ಹೋದ್ರೆ ಎಂಟು ಇದ್ದು, ಮುಂದೆ ಜಾಸ್ತಿ ಹಾಕಿಸ್ಕೊಳ್ಳೋಕೆ ಜಾಗ ಆದ್ರೂ ಇರ್ಬೇಕು.”

“ರ್‍ಯಾಮ್ ಅಂದ್ರೆ ಏನವ್ವ? ಒಳಗೆ ಎಲ್ಲೈತೆ ಅದು?” ಈರಣ್ಣ ಮುಂದಕ್ಕೆ ಬಾಗಿದ.

“ನೀವು ಕಾಯಿ ಸುಲಿಸೋಕೆ ಒಂದು ಜಾಗ ಮಾಡ್ಕೊಂಡಿಲ್ವಾ? ಅದು ಅಂದ್ಕಳಿ. ಜಾಗ ಚಿಕ್ಕದಾದ್ರೆ ಕಾಯಿ, ಸಿಪ್ಪೆ, ಆಳು ಎಲ್ಲ ಒಂದರ ಮೇಲೊಂದು. ಕೆಲಸ ಸಾಗಲ್ಲ.”

“ಹಂಗಾದ್ರೆ ಅಟ್ಟ ಯಾವ್ದು?”

“ಅಟ್ಟ ಅಂದ್ರೆ ಎಸ್‌ಎಸ್‌ಡಿ. ಬರೆದಿದ್ದೆಲ್ಲ ಅಲ್ಲಿ ಕೂತಿರುತ್ತೆ. ಐನೂರ ಹನ್ನೆರಡು ಜಿಬಿ ಇದ್ರೆ ಓದು ಮುಗಿಯೋವರೆಗೂ ಚಿಂತೆ ಇಲ್ಲ.”

“ಸುಲಿಯೋ ಆಳು?”

“ಅದು ಪ್ರೊಸೆಸರ್” ಎಂದಳು ಸುನಂದಾ. ದೊಡ್ಡಪ್ಪನೇ ಸರಿಯಾದ ಪ್ರಶ್ನೆ ಕೇಳುತ್ತಿರುವುದು ಅವಳಿಗೆ ಖುಷಿಯಾಯಿತು. “ಹೆಸರು ಒಂದೇ ಇದ್ರೂ ಹಳೇ ಕಾಲದ್ದೂ ಇರುತ್ತೆ, ಹೊಸದೂ ಇರುತ್ತೆ. ಅದಕ್ಕೇ ಇದು ಯಾವ ವರ್ಷ ಬಂದಿದ್ದು ಅಂತ ಕೇಳ್ಬೇಕು. ಅಂಗಡಿಯೋರು ಹೆಸರು ಹೇಳ್ತಾರೆ, ವರ್ಷ ಹೇಳಲ್ಲ.”

“ಮುದುಕ ಆಳಿಗೆ ಹೊಸ ಪಂಚೆ ಉಡ್ಸಿ ನಿಲ್ಸಿದಂಗೆ ಅನ್ನು” ಎಂದು ಈರಣ್ಣ ತೊಡೆ ತಟ್ಟಿಕೊಂಡ.

ಕಲ್ಲೇಶನಿಗೆ ಇದೆಲ್ಲ ಹಿಡಿಸಲಿಲ್ಲ. “ಇಷ್ಟೆಲ್ಲ ನೋಡಿ ತಂದ್ರೂ ಕೆಡೋದು ಕೆಡುತ್ತೆ ಬುಡಮ್ಮ. ನಮ್ದು ಕೆಡಲಿಲ್ವಾ?”

“ಕೆಡ್ಬಹುದು ಕಲ್ಲೇಶಣ್ಣ. ಯಂತ್ರ ಅಂದ ಮೇಲೆ ಕೆಡುತ್ತೆ. ಕೆಟ್ಟಾಗ ಯಾರ ಮನೆ ಬಾಗಿಲಿಗೆ ಹೋಗ್ಬೇಕು ಅಂತ ಕೊಳ್ಳೋವಾಗ್ಲೇ ಗೊತ್ತಿರ್ಬೇಕು. ನಿಮಗೆ ಗೊತ್ತಿತ್ತಾ?”

ಕಲ್ಲೇಶ ಕಾಫಿ ಲೋಟದೊಳಗೆ ಮುಖ ಇಟ್ಟ. ಆದರೆ ಎದ್ದು ಹೋಗುವ ಮುನ್ನ ಈರಣ್ಣನ ಕಿವಿಯಲ್ಲಿ ಒಂದು ಮಾತು ಬಿತ್ತಿಯೇ ಹೋದ. “ಈಗ ಆಷಾಢದ ರಿಯಾಯಿತಿ ಐತೆ, ಈಗ್ಲೇ ತಗೊಂಬುಡು ಈರಣ್ಣ. ಆದ್ರೆ ಆಷಾಢದಲ್ಲಿ ಬಿಚ್ಚಬ್ಯಾಡ. ಶ್ರಾವಣ ಬಿದ್ದ ಮೇಲೆ ಒಳ್ಳೆ ದಿನ ನೋಡಿ ಪೂಜೆ ಮಾಡಿ ಬಿಚ್ಚು.” ಈ ಮಾತು ಈರಣ್ಣನಿಗೆ ಬಹಳ ಸರಿಯೆನಿಸಿತು.

ಮಾರನೆಯ ದಿನ ಈರಣ್ಣ, ಕೃತಿಕಾ, ಸುನಂದಾ ಮೂವರೂ ಬಸ್ಸು ಹತ್ತಿ ತಿಪಟೂರಿಗೆ ಹೋದರು. ರೇಣುಕಪ್ರಸಾದ್ ಎಂಬವರ ಅಂಗಡಿ. ಸಾಲಾಗಿ ಲ್ಯಾಪ್‌ಟಾಪುಗಳನ್ನು ತೆರೆದಿಟ್ಟಿದ್ದರು. ಯಾರೂ ಏನೂ ಹೇಳುವ ಮುಂಚೆಯೇ ಈರಣ್ಣ ಒಂದನ್ನು ಎತ್ತಿ, ಮಡಚಿ, ಕಿವಿಯ ಹತ್ತಿರ ಹಿಡಿದು ಗಟ್ಟಿಯಾಗಿ ಅಲ್ಲಾಡಿಸಿದ.

ಅಂಗಡಿಯವರ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು. “ಯಜಮಾನ್ರೇ! ಯಜಮಾನ್ರೇ! ಅಲ್ಲಾಡಿಸ್ಬೇಡಿ!”

“ಸದ್ದೇ ಇಲ್ಲ ಕಣ್ರೀ” ಎಂದ ಈರಣ್ಣ ಗಂಭೀರವಾಗಿ. “ಇದು ಇನ್ನೂ ಹಸಿ.”

ಕೃತಿಕಾ ಚೂಡಿದಾರದ ವೇಲಿನಲ್ಲಿ ಮುಖ ಮುಚ್ಚಿಕೊಂಡಳು. ಸುನಂದಾ ಲ್ಯಾಪ್‌ಟಾಪನ್ನು ಮೆಲ್ಲಗೆ ಬಿಡಿಸಿ ಕೆಳಗಿಟ್ಟಳು. “ಇದು ಅಲ್ಲಾಡಿಸಿದ್ರೆ ಹೇಳಲ್ಲ ದೊಡ್ಡಪ್ಪ. ಕೇಳಿದ್ರೆ ಹೇಳುತ್ತೆ.” ಎರಡು ಗುಂಡಿ ಒತ್ತಿದಳು. ಪರದೆಯ ಮೇಲೆ ರ್‍ಯಾಮ್ ಎಷ್ಟು, ಪ್ರೊಸೆಸರ್ ಯಾವುದು, ಎಲ್ಲ ಬಂದು ನಿಂತಿತು. ಒಡೆಯದೆ ಒಳಗಿನದು ಕಾಣಿಸಿದ್ದು ನೋಡಿ ಈರಣ್ಣ ಬೆರಗಾದ. ಆಮೇಲೆ ಅವನ ಕುತೂಹಲಕ್ಕೆ ಲಗಾಮೇ ಇಲ್ಲ. ಸಾಲಿನಲ್ಲಿದ್ದ ಒಂದೊಂದನ್ನೂ “ಇದನ್ನೂ ಕೇಳವ್ವ, ಇದೇನಂತದೆ ನೋಡಾನ” ಎಂದು ಕೇಳಿಸಿದ.

ಹೊಳೆಯುವ ಕೆಂಪು ಬಣ್ಣದ್ದೊಂದು ಎಲ್ಲದಕ್ಕಿಂತ ಚೆಂದವಿತ್ತು. ಬ್ಯಾಗು, ಮೌಸು, ಹೆಡ್‌ಫೋನು ಎಲ್ಲ ಉಚಿತ. ಬೆಲೆಯೂ ಕಡಿಮೆ. ಕೇಳಿದರೆ ರ್‍ಯಾಮ್ ನಾಲ್ಕೇ ಜಿಬಿ, ಹೆಚ್ಚಿಸುವ ಹಾಗೂ ಇಲ್ಲ. ಪ್ರೊಸೆಸರ್ ಐದು ವರ್ಷ ಹಳೆಯದು. ಮೇಲೆ ಥಳುಕು, ಒಳಗೆ ಹುಳುಕು. ಪಕ್ಕದಲ್ಲಿ ಬೂದಿ ಬಣ್ಣದ್ದೊಂದು ಯಾರ ಕಣ್ಣಿಗೂ ಬೀಳದ ಹಾಗೆ ಕೂತಿತ್ತು. ಹದಿನಾರು ಜಿಬಿ, ದೊಡ್ಡ ಎಸ್‌ಎಸ್‌ಡಿ, ಹೋದ ವರ್ಷವಷ್ಟೇ ಬಂದ ಪ್ರೊಸೆಸರ್. ಪರದೆ ಫುಲ್ ಎಚ್‌ಡಿ. ಪಕ್ಕದಿಂದ ನೋಡಿದರೂ ಗೆರೆಗಳು ಸ್ಪಷ್ಟ. ಬೆಲೆ ಐವತ್ತು ಸಾವಿರದೊಳಗೇ ಇತ್ತು.

ಸುನಂದಾ ಇನ್ನೂ ಬಿಡಲಿಲ್ಲ. “ವಾರಂಟಿ ಎಷ್ಟು ವರ್ಷ? ಸರ್ವಿಸ್ ಸೆಂಟರ್ ಎಲ್ಲಿದೆ? ಇದರಲ್ಲಿರೋ ವಿಂಡೋಸ್ ಕಂಪನೀದೇ ತಾನೆ? ಬಿಲ್ಲಲ್ಲಿ ಸೀರಿಯಲ್ ನಂಬರ್ ಬರೀತೀರಾ?”

ರೇಣುಕಪ್ರಸಾದ್ ಒಳ್ಳೆಯ ಮನುಷ್ಯರೇ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ವಾರಂಟಿ ಒಂದು ವರ್ಷ, ಬಿಲ್ಲಿನ ದಿನದಿಂದ. ಸರ್ವಿಸ್ ಸೆಂಟರ್ ತುಮಕೂರಿನಲ್ಲಿ. ಏಳು ದಿನದೊಳಗೆ ದೋಷ ಕಂಡರೆ ತಮ್ಮ ಅಂಗಡಿಯಲ್ಲೇ ಬದಲಾಯಿಸಿ ಕೊಡುತ್ತಾರೆ; ಆಮೇಲೆ ತುಮಕೂರಿಗೆ ಕಳಿಸಬೇಕು.

“ನಮ್ ಕಡೆ ಕರೆಂಟು ಬಂದು ಬಂದು ಹೋಗುತ್ತೆ. ನಾರಿನ ಧೂಳೂ ಜಾಸ್ತಿ. ತಡಕೊಳ್ಳುತ್ತಾ?” ಎಂದು ಈರಣ್ಣನೂ ಒಂದು ಪ್ರಶ್ನೆ ಸೇರಿಸಿದ.

“ಒಳ್ಳೇದು ಕೇಳಿದ್ರಿ ಯಜಮಾನ್ರೇ. ವೋಲ್ಟೇಜ್ ಏರಿದ್ರೆ ತಡೆಯೋ ಪ್ಲಗ್ ಬೋರ್ಡು ಒಂದು ತಗೊಂಡೋಗಿ. ಹಾಸಿಗೆ ಮೇಲೆ ಇಟ್ಟು ಬಳಸ್ಬೇಡಿ, ಕೆಳಗಡೆ ಗಾಳಿ ಕಿಂಡಿ ಮುಚ್ಚೋಗುತ್ತೆ. ಧೂಳು ಕೂತ್ರೆ ಒಣ ಬಟ್ಟೇಲಿ ಒರಸಿ.”

ಬೂದಿ ಬಣ್ಣದ್ದಕ್ಕೇ ಬಿಲ್ಲಾಯಿತು. ಅಷ್ಟರಲ್ಲಿ ಸುನಂದಾಗೆ ತುಮಕೂರಿನ ಬಸ್ಸಿನ ಹೊತ್ತಾಯಿತು. ಅಲ್ಲಿ ಅವಳಿಗೆ ಕೆಲವು ದಿನಗಳ ತರಬೇತಿ ಇತ್ತು. “ಹೊಸ ಡಬ್ಬ ಇಲ್ಲೇ ಬಿಚ್ಚಿಸಿ, ಆನ್ ಮಾಡಿಸಿ ನೋಡಿ ದೊಡ್ಡಪ್ಪ” ಎಂದು ಹೇಳಿ ಓಡಿದಳು.

ಅಂಗಡಿಯವರು ಬಿಚ್ಚಲು ಕತ್ತರಿ ತೆಗೆದರು. ಈರಣ್ಣ ಡಬ್ಬವನ್ನು ಎದೆಗವಚಿಕೊಂಡ. “ಬ್ಯಾಡಿ ಬ್ಯಾಡಿ. ಆಷಾಢ ಇದು. ಶ್ರಾವಣಕ್ಕೆ ಬಿಚ್ಚಾನ.”

“ತಾತ, ಈಗ್ಲೇ ನೋಡಣ…” ಎಂದಳು ಕೃತಿಕಾ.

“ಸುಮ್ಕಿರವ್ವ. ಇನ್ನೇನು ಎರಡು ವಾರ. ಒಳ್ಳೆ ಕೆಲಸ ಒಳ್ಳೆ ದಿನ ಶುರುವಾಗ್ಲಿ.”

ಮನೆಗೆ ಬಂದ ಡಬ್ಬ ಎಲ್ಲಿಗೆ ಹೋಯಿತು ಎನ್ನುತ್ತೀರಿ? ಅಟ್ಟಕ್ಕೆ! ಒಣಗಲು ಹಾಕಿದ ಕಾಯಿಗಳ ಪಕ್ಕದಲ್ಲಿ, ಒಂದು ಹಳೆಯ ಕಂಬಳಿ ಹೊದ್ದು ಕೂತಿತು. ಬೆಲೆಬಾಳುವ ವಸ್ತು ಅಟ್ಟದಲ್ಲಿ ಮುಟ್ಟದೆ ಇದ್ದಷ್ಟೂ ಹದವಾಗುತ್ತದೆ ಎಂಬುದು ಈರಣ್ಣನ ಜೀವಮಾನದ ಅನುಭವ. ಕೊಬ್ಬರಿಗೆ ಆ ಮಾತು ನಿಜ. ಲ್ಯಾಪ್‌ಟಾಪಿಗೆ ಅದು ಸಲ್ಲದೆಂದು ಅವನಿಗೆ ಯಾರು ಹೇಳಬೇಕು!

ಆದರೆ ಮುಟ್ಟಬಾರದೆಂದು ಹೇಳಿದವನಿಗೇ ತಡೆಯಲಾಗುತ್ತಿಲ್ಲ. ದಿನಕ್ಕೆ ನಾಲ್ಕು ಸಲ ಏಣಿ ಹತ್ತುವುದು, ಕಂಬಳಿ ಸರಿಸಿ ಡಬ್ಬ ನೋಡುವುದು, ಇಳಿಯುವುದು. ಒಳಗೆ ಅದು ಹೇಗಿದೆಯೋ? ಒತ್ತಿದರೆ ಮೊದಲು ಏನು ಬರುತ್ತದೋ? ಆಷಾಢಕ್ಕೆ ಇಷ್ಟು ಉದ್ದ ದಿನಗಳಿವೆಯೆಂದು ಅವನಿಗೆ ಗೊತ್ತಾದದ್ದೇ ಈ ವರ್ಷ. “ಈ ವಯಸ್ಸಲ್ಲಿ ಏಣಿಯಿಂದ ಬಿದ್ರೆ ನಿಮಗೆ ವಾರಂಟಿ ಕೊಡೋರು ಯಾರೂ ಇಲ್ಲ” ಎಂದಳು ಚಿಕ್ಕಗೌರಮ್ಮ. ಕೃತಿಕಾ ಮಾತ್ರ ದಿನವೂ ಬಸ್ಸು ಹತ್ತಿ, ಲ್ಯಾಬಿನಲ್ಲಿ ತನ್ನ ಸರದಿ ಕಾದು, ಅರ್ಧ ಗೋಡೆ ಬರೆದು ವಾಪಸು ಬರುತ್ತಿದ್ದಳು.

ತರಬೇತಿ ಮುಗಿಸಿ ಬಂದ ಸುನಂದಾ ಮನೆಗೂ ಹೋಗದೆ ಈರಣ್ಣನ ಜಗಲಿ ಹತ್ತಿದಳು. “ಹೆಂಗೈತೆ ಕೃತಿಕಾ ಲ್ಯಾಪ್‌ಟಾಪು?”

“ಚೆನ್ನಾಗೈತೆ” ಎಂದ ಈರಣ್ಣ ಹೆಮ್ಮೆಯಿಂದ. “ಅಟ್ಟದ ಮೇಲೈತೆ.”

ಸುನಂದಾ ಬ್ಯಾಗು ಕೆಳಗಿಟ್ಟಳು. “ಬಿಚ್ಚೇ ಇಲ್ವಾ? ದೊಡ್ಡಪ್ಪ, ತಂದು ಎಷ್ಟು ದಿನ ಆಯ್ತು?”

“ಬುಧವಾರ ತಂದಿದ್ದು. ಇವತ್ತು ಮಂಗಳವಾರ” ಎಂದಳು ಕೃತಿಕಾ ಒಳಗಿನಿಂದ. ಅವಳ ದನಿ ಸಣ್ಣಗಾಗಿತ್ತು.

“ಅಂದ್ರೆ ಇವತ್ತೇ ಏಳು! ಇವತ್ತು ದಾಟಿದ್ರೆ ಅಂಗಡೀಲಿ ಬದಲಾಯಿಸಿ ಕೊಡಲ್ಲ. ವಾರಂಟೀನೂ ಆಗ್ಲೇ ಓಡ್ತಾ ಐತೆ. ಅಟ್ಟದ ಮೇಲೆ ಕಾಯಿ ಕೊಬ್ಬರಿ ಆಗುತ್ತೆ ದೊಡ್ಡಪ್ಪ. ಲ್ಯಾಪ್‌ಟಾಪ್ ಹಳೇದಾಗುತ್ತೆ, ಅಷ್ಟೇ.”

“ಆಷಾಢ ಕಣವ್ವ…”

“ಆಷಾಢದಲ್ಲಿ ಹಸ ಕರ ಹಾಕಿದ್ರೆ ಹಾಲು ಕರೆಯೋಕೆ ಶ್ರಾವಣದ ತನಕ ಕಾಯ್ತೀರಾ?”

ಒಳಗೆ ಚಿಕ್ಕಗೌರಮ್ಮ ಕಿಸಕ್ಕನೆ ನಕ್ಕಳು. ಈರಣ್ಣನಿಗೂ ನಿಜ ಹೇಳಬೇಕೆಂದರೆ ಒಂದು ನೆಪ ಬೇಕಾಗಿತ್ತು, ಅಷ್ಟೆ. ಏಣಿ ಹತ್ತಿ ಡಬ್ಬ ಇಳಿಸಿದ. ಚಿಕ್ಕಗೌರಮ್ಮ ಅದಕ್ಕೆ ಕುಂಕುಮ ಇಟ್ಟು ಕೈಮುಗಿದಳು. “ದೇವ್ರು ಆಷಾಢದಲ್ಲೂ ಇರ್ತಾನೆ. ಬಿಚ್ಚಿ.”

ಬಿಚ್ಚಿದರು. ಚಾರ್ಜರು ಚುಚ್ಚಿದರು. ಕೃತಿಕಾ ಗುಂಡಿ ಒತ್ತಿದಳು. ಎಲ್ಲರೂ ಬಾಗಿ ನೋಡಿದರು. ಪರದೆ ಬೆಳಗಿತು. ಬಲಗಡೆಗೆ, ಮೇಲಿಂದ ಕೆಳಗಿನವರೆಗೆ, ಒಂದು ಸಣ್ಣ ಹಸಿರು ಗೆರೆ.

“ಚೆಂದ ಐತೆ, ಸೀರೆಗೆ ಅಂಚು ಇದ್ದಂಗೆ” ಎಂದಳು ಚಿಕ್ಕಗೌರಮ್ಮ.

ಕೃತಿಕಾ ಆ ಗೆರೆಯ ಮೇಲೆ ಬೆರಳಿಟ್ಟಳು. “ಅದು ಇರ್ಬಾರ್ದು ಅಜ್ಜಿ. ಪರದೆ ಕೆಟ್ಟಿದೆ. ನಾನು ಬರೆಯೋದೇ ಗೆರೆಗಳು. ಗೋಡೆ ಯಾವ್ದು, ಇದ್ಯಾವ್ದು ಅಂತ ಹೆಂಗೆ ಗೊತ್ತಾಗ್ಬೇಕು?”

ಈರಣ್ಣ ಗೋಡೆ ಗಡಿಯಾರ ನೋಡಿದ. ನಾಲ್ಕು ದಾಟಿತ್ತು. ಹೆಗಲಿಗೆ ಟವಲು ಹಾಕಿದವನೇ ಕಲ್ಲೇಶನ ಮನೆಗೆ ನಡೆದ. “ಲೇ ಕಲ್ಲೇಶ, ಗಾಡಿ ತೆಗಿ. ತಿಪಟೂರಿಗೆ ಹೋಗ್ಬೇಕು, ಈಗ್ಲೇ.”

ಕಲ್ಲೇಶನ ಬೈಕಿನಲ್ಲಿ ಈರಣ್ಣ, ಮಡಿಲಲ್ಲಿ ಡಬ್ಬ. ಹಿಂದೆ ಸುನಂದಾಳ ಸ್ಕೂಟರಿನಲ್ಲಿ ಕೃತಿಕಾ. ದಾರಿಯುದ್ದಕ್ಕೂ ಈರಣ್ಣ ಡಬ್ಬವನ್ನು ಎರಡೂ ಕೈಯಲ್ಲಿ ಅವಚಿ ಹಿಡಿದಿದ್ದ. ಹುಡುಗಿ ಕಾಲೇಜು ಬಿಟ್ಟು ಮನೆಯಲ್ಲಿ ಕೂತರೆ, ಅದಕ್ಕೆ ಕಾರಣ ತಾನೇ ಆಗುತ್ತೇನೆ ಎಂಬುದು ಅವನಿಗೆ ಆಗ ಅರ್ಥವಾಗಿತ್ತು.

ರೇಣುಕಪ್ರಸಾದ್ ಗೆರೆ ನೋಡಿದರು, ಬಿಲ್ಲಿನ ತಾರೀಖು ನೋಡಿದರು. “ಸದ್ಯ, ಇವತ್ತು ಬಂದ್ರಿ. ನಾಳೆ ಆಗಿದ್ರೆ ತುಮಕೂರಿಗೇ ಕಳಿಸ್ಬೇಕಿತ್ತು. ಹೊಸ ಪರದೆ ತರಿಸಿ ಹಾಕೋಕೆ ಮೂರು ವಾರನೋ, ತಿಂಗಳೋ ಹೇಳೋಕಾಗಲ್ಲ.”

ತಿಂಗಳು! ಅಷ್ಟರಲ್ಲಿ ನಕ್ಷೆ ಒಪ್ಪಿಸುವ ದಿನವೂ ಮುಗಿದಿರುತ್ತಿತ್ತು, ಪರೀಕ್ಷೆಯೂ ಮುಗಿದಿರುತ್ತಿತ್ತು.

ಅಂಗಡಿಯವರು ಹೊಸ ಡಬ್ಬ ತಂದಿಟ್ಟರು. ಈ ಸಲ ಕತ್ತರಿ ಕೇಳಿ ತೆಗೆದುಕೊಂಡವನು ಈರಣ್ಣನೇ. ತಾನೇ ಬಿಚ್ಚಿದ. ಆನ್ ಆದ ಮೇಲೆ ಪರದೆಯ ನಾಲ್ಕೂ ಮೂಲೆ ನೋಡಿದ. ಬಿಳಿ ಬಣ್ಣ ತುಂಬಿಸಿ ನೋಡಿದ, ಕಪ್ಪು ತುಂಬಿಸಿ ನೋಡಿದ. ಸುನಂದಾ ಹೇಳಿಕೊಟ್ಟಂತೆ ಕ್ಯಾಮೆರಾ ತೆರೆದರೆ ತನ್ನದೇ ಮೀಸೆ ಕಂಡು ಒಂದು ಗಳಿಗೆ ಬೆಚ್ಚಿದ. ಮಾತಾಡಿ ಮೈಕು ನೋಡಿದ. ಪೆನ್‌ಡ್ರೈವ್ ಹಾಕಿ ತೆಗೆದ. ಆಮೇಲೆ ಕೀಲಿಮಣೆಯ ಒಂದೊಂದೇ ಗುಂಡಿಯನ್ನು ತೋರುಬೆರಳಿನಿಂದ ಒತ್ತುತ್ತಾ, ಪರದೆಯಲ್ಲಿ ಅಕ್ಷರ ಬಂತೋ ಎಂದು ಕತ್ತೆತ್ತಿ ನೋಡುತ್ತಾ ಹೋದ.

ಅಂಗಡಿಯ ಅರ್ಧ ಬಾಗಿಲು ಎಳೆದಾಯಿತು. “ಸಾಕು ತಾತ, ಹೋಗಣ” ಎಂದಳು ಕೃತಿಕಾ.

“ತಡಿಯವ್ವ. ಇನ್ನೊಂದು ಸಾಲು ಐತೆ.”

ಕಲ್ಲೇಶ ಪಕ್ಕದಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದ. ಮೆಲ್ಲಗೆ ಸುನಂದಾಳ ಹತ್ತಿರ ಬಂದ. “ಅಲ್ಲಮ್ಮ, ಬಿಲ್ಲು ಇಲ್ದೆ ತಂದಿದ್ದು… ಏನೂ ಮಾಡೋಕಾಗಲ್ವಾ?”

“ಬಿಲ್ಲಿಲ್ದೆ ಕಷ್ಟ ಕಲ್ಲೇಶಣ್ಣ. ದುಡ್ಡು ಕಳಿಸಿದ್ದು ಮೊಬೈಲಲ್ಲಿ ತಾನೆ? ಆ ದಾಖಲೆ ತಗೊಂಡು ಬನ್ನಿ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕೇಳೋಣ. ಕೇಳೋದ್ರಲ್ಲಿ ಏನೂ ಹೋಗಲ್ಲ.”

“ನಾಳೆ ಬತ್ತೀನಿ” ಎಂದ ಕಲ್ಲೇಶ. ಲ್ಯಾಪ್‌ಟಾಪ್ ಅಂದರೆ ಅಷ್ಟೇ ಎಂಬ ಮಾತು ಅವನ ಬಾಯಿಂದ ಆಮೇಲೆ ಯಾರೂ ಕೇಳಿಲ್ಲ.

ಆವತ್ತಿನಿಂದ ಕೃತಿಕಾ ಕಾಲೇಜಿನಿಂದ ಬಂದವಳೇ ನಡುಮನೆಯ ಮೇಜಿನ ಮುಂದೆ ಕೂರುತ್ತಿದ್ದಳು. ಕರೆಂಟು ಹೋದರೂ ಅವಳ ಮುಂದೆ ಬೆಳಕಿರುತ್ತಿತ್ತು, ಕೈ ನಿಲ್ಲುತ್ತಿರಲಿಲ್ಲ. ಈರಣ್ಣ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಬಾಗಿಲು ಎಲ್ಲಿ, ಕಿಟಕಿ ಎಲ್ಲಿ, ಗಾಳಿ ಯಾವ ಕಡೆಯಿಂದ ಎಂದು ಕೇಳಿ ಕೇಳಿ ತಲೆ ತಿನ್ನುತ್ತಿದ್ದ. “ಬಚ್ಚಲು ನೀರು ತೆಂಗಿನ ಬುಡಕ್ಕೆ ಹೋಗೋ ಹಂಗೆ ಮಾಡವ್ವ” ಎಂದು ಒಂದು ದಿನ ಹೇಳಿದ. ಅವಳು ಹಾಗೆಯೇ ಗೆರೆ ಎಳೆದಳು. ಒಪ್ಪಿಸಿದ ನಕ್ಷೆಯಲ್ಲಿ ಮೇಷ್ಟರು ಮೆಚ್ಚಿಕೊಂಡದ್ದು ಆ ಗೆರೆಯನ್ನೇ. ಪರೀಕ್ಷೆಯೂ ಆಯಿತು. ಕೃತಿಕಾ ಪಾಸಾದಳು. ಆ ಮನೆಯಲ್ಲಿ ಗಂಡು ನೋಡುವ ಮಾತು ಯಾರೂ ಎತ್ತಲಿಲ್ಲ. ಮುಂದೆ ಯಾವ ಕಾಲೇಜು ಎಂಬ ಮಾತು ಎತ್ತಿದವಳು ಚಿಕ್ಕಗೌರಮ್ಮ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮಕ್ಕಳಿಗೂ ಇವತ್ತೋ ನಾಳೆಯೋ ಒಂದು ಲ್ಯಾಪ್‌ಟಾಪ್ ಬೇಕಾಗುತ್ತದೆ. ಬಣ್ಣಕ್ಕೆ, ಉಚಿತ ಬ್ಯಾಗಿಗೆ ಸೋಲಬೇಡಿ. ಮಗು ಅದರಲ್ಲಿ ಯಾವ ಕೆಲಸ ಮಾಡುತ್ತದೆ ಎಂದು ಮಗುವನ್ನೇ ಕೇಳಿ, ಆ ಕೆಲಸಕ್ಕೆ ತಕ್ಕದ್ದು ಹುಡುಕಿ. ಒಳಗೆ ಏನಿದೆ, ಯಾವ ವರ್ಷದ್ದು, ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ ಎಂದು ಅಂಗಡಿಯವರನ್ನು ನಾಚಿಕೆ ಬಿಟ್ಟು ಕೇಳಿ. ಎಷ್ಟು ದಿನದೊಳಗೆ ಬದಲಾಯಿಸಿ ಕೊಡುತ್ತಾರೆ ಎಂಬುದು ಅಂಗಡಿಯಿಂದ ಅಂಗಡಿಗೆ ಬೇರೆ. ಅದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಗೊತ್ತಾಗದಿದ್ದರೆ ನಿಮ್ಮೂರಿನ ಗ್ರಂಥಾಲಯದಲ್ಲಿ, ಶಾಲೆಯಲ್ಲಿ ಗೊತ್ತಿದ್ದವರು ಇದ್ದಾರೆ, ಕರೆದುಕೊಂಡು ಹೋಗಿ. ಕೇಳಿದವರು ಯಾರೂ ಸಣ್ಣವರಾಗುವುದಿಲ್ಲ.

ಹೊಸದು ಮನೆಗೆ ತಂದಿರಾ? ಒಳ್ಳೆಯ ದಿನ ಇವತ್ತೇ. ಈಗಲೇ ಬಿಚ್ಚಿ, ಒಂದೊಂದು ಗುಂಡಿಯನ್ನೂ ಒತ್ತಿ ನೋಡಿ.